ಬಾರದೇ ಹೋದ ಮಹಾಬಂದರು, ಉಳಿದ ಮರಳು: ಕಾರವಾರದ ಕಡಲದಂಡೆಯ ಚರಿತ್ರೆ

ಪ್ರವಾಸಿಗರು ಇಂದು ಸಂಜೆಹೊತ್ತು ಅಡ್ಡಾಡುವ ಕಾರವಾರದ ಮರಳದಂಡೆಯ ಚರಿತ್ರೆಯನ್ನು ಬಂದರಿನ ಚರಿತ್ರೆಯಿಂದ ಬಿಡಿಸಿ ಬರೆಯಲಾಗದು. ಇಲ್ಲಿ ಕಟ್ಟಬೇಕೆಂದಿದ್ದ ದೊಡ್ಡ ಬಂದರು ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗೂಡಲಿಲ್ಲ. ಅದರಿಂದಾಗಿ ದಂಡೆ ಉಳಿಯಿತು. ಉಳಿದ ದಂಡೆಯನ್ನು ಬಳಸಿ ಬದುಕಿದವರು ಮೀನುಗಾರರು. ಇದು ಈ ಲೇಖನದ ವಾದ.

ಹಳೆಯ ವ್ಯಾಪಾರ ಕಡಲಂಚಿಗಿಂತ ಹೆಚ್ಚಾಗಿ ಕಾಳಿ ನದಿಯನ್ನು ನೆಚ್ಚಿತ್ತು. ನದಿಯೊಳಗಿನ ಕಡವಾಡ ಅದರ ಪೇಟೆ. ಘಟ್ಟದ ಮೆಣಸು, ಹುಬ್ಬಳ್ಳಿ ಸೀಮೆಯ ಬಟ್ಟೆಗಾಗಿ 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿ ತೆರೆದರು. 1665ರಲ್ಲಿ ಶಿವಾಜಿ ಬಂದಾಗ ಅವರೂ ಕಾಣಿಕೆ ತೆರಬೇಕಾಯಿತು. ಸೋದೆಯ ಅರಸರು ನದಿಮುಖದಲ್ಲಿ ಸದಾಶಿವಗಡ ಕಟ್ಟಿದ್ದು ಅನಂತರ.

ಇಂದಿನ ಪಟ್ಟಣ ಬೆಳೆದದ್ದು ಹತ್ತಿಯ ಆಸೆಯಿಂದ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ಧಾರವಾಡದ ಹತ್ತಿಗೆ ಹತ್ತಿರದ ಬಂದರು ಬೇಕಾಯಿತು. ಗುಡ್ಡದ ಮರೆಯಲ್ಲಿದ್ದು ಮುಂಗಾರಿನ ಗಾಳಿಯಿಂದ ರಕ್ಷಣೆ ಪಡೆದ ಬೈತಖೋಲ ಕೊಲ್ಲಿ ಕಣ್ಣಿಗೆ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮೀನುಗಾರರ ಹಳ್ಳಿಯಾಗಿದ್ದ ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಆದರೆ ಹುಬ್ಬಳ್ಳಿಯಿಂದ ಬರಬೇಕಿದ್ದ ರೈಲು ಬರಲಿಲ್ಲ. 1880ರ ದಶಕದಲ್ಲಿ ಮುರಗಾಂವ್–ಕ್ಯಾಸಲ್‌ರಾಕ್ ಮಾರ್ಗ ತೆರೆದು ಒಳನಾಡಿನ ಸರಕು ಗೋವೆಯ ದಾರಿ ಹಿಡಿಯಿತು. ನನ್ನ ದೃಷ್ಟಿಯಲ್ಲಿ ಕಾರವಾರದ ಆಧುನಿಕ ಚರಿತ್ರೆಯಲ್ಲಿ ಇದಕ್ಕಿಂತ ನಿರ್ಣಾಯಕವಾದ ತಿರುವಿಲ್ಲ.

ಅದೇ ದಶಕದ ಆರಂಭದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರನಾಥ ಟ್ಯಾಗೋರ್ ಬಂದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಇಲ್ಲಿ ಬರೆದರು. ದಂಡೆಗೆ ಅವರ ಹೆಸರಿರುವುದು ಯೋಗ್ಯವೇ. ಆದರೆ ಆ ಮರಳಿನ ಮೇಲೆ ನಡೆಯುತ್ತಿದ್ದ ದುಡಿಮೆಗೂ ಚರಿತ್ರೆಯಲ್ಲಿ ಅಷ್ಟೇ ಗೌರವದ ಸ್ಥಾನ ಸಲ್ಲಬೇಕು.

ಆ ದುಡಿಮೆ ರಂಪಣಿ, ಅಂದರೆ ದೊಡ್ಡ ಬಲೆಯನ್ನು ದಡದಿಂದ ಎಳೆದು ಮೀನು ಹಿಡಿಯುವ ಪದ್ಧತಿ. ಬಂಗಡೆಯ ಹಿಂಡು ದಡದತ್ತ ಬರುವುದನ್ನು ನೀರಿನ ಬಣ್ಣದಿಂದಲೇ ಗುರುತಿಸುವ ಅನುಭವಿಗಳಿದ್ದರು. ಅವರು ಕೂಗಿದ ಕೂಡಲೆ ದೋಣಿ ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು ಹೊರಟು, ಹಿಂಡನ್ನು ಅರ್ಧಚಂದ್ರಾಕಾರದಲ್ಲಿ ಸುತ್ತುವರಿದು ಮರಳುತ್ತಿತ್ತು. ಆಮೇಲೆ ಹತ್ತಾರು ಮಂದಿ ಎರಡೂ ತುದಿ ಹಿಡಿದು ಎಳೆಯಬೇಕು. ಅನೇಕ ಮನೆಗಳವರು ತಂದ ತುಂಡುಗಳನ್ನು ಜೋಡಿಸಿ ಬಲೆಯಾಗುತ್ತಿದ್ದುದರಿಂದ ಪಾಲು ಕೂಡ ಹಂಚಿಹೋಗುತ್ತಿತ್ತು. ಮೀನು ವಿಪರೀತ ಸಿಕ್ಕರೆ ಬಲೆಯನ್ನು ನೀರಿನಲ್ಲೇ ಬಿಗಿದು, ಮೀನನ್ನು ಜೀವಂತ ಇಟ್ಟುಕೊಂಡು, ಬೇಕಾದಷ್ಟೇ ತೆಗೆಯುತ್ತಿದ್ದರು. ಉಪ್ಪು ಹಾಕಿದ ಬಂಗಡೆ ಮಳೆಗಾಲಕ್ಕೆ ಆಧಾರ. ಖಾರ್ವಿ, ಹರಿಕಂತ್ರ, ಗಾಬಿತ ಕುಟುಂಬಗಳ ಈ ಕಸುಬಿಗೆ ಬಲೆ, ದೋಣಿಗಳಷ್ಟೇ ಅಗತ್ಯವಾದ ಮೂರನೆಯ ಸಾಧನ ಅಗಲವಾದ, ಅಡೆತಡೆಯಿಲ್ಲದ ಮರಳು.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ಹಿಂಡುಗಳನ್ನು ದಡ ಸೇರುವ ಮೊದಲೇ ಸುತ್ತುವರಿಯತೊಡಗಿದವು. ರಂಪಣಿಯವರು ಪ್ರತಿಭಟಿಸಿದರು, ಆದರೆ ಸೋತರು. ದಡದ ಸಮೀಪದ ನೀರನ್ನು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲಿಡುವ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1986ರಲ್ಲಿ. ಅಷ್ಟರೊಳಗೆ ದೊಡ್ಡ ರಂಪಣಿ ಕೂಟಗಳು ಚದುರಿಹೋಗಿದ್ದವು. ಮೀನುಗಾರಿಕೆ ದಂಡೆಯಿಂದ ಬೈತಖೋಲದ ಜಟ್ಟಿಗೆ ಸರಿಯಿತು. ಮರಳು ಖಾಲಿಯಾಗಿ ಕಾಣತೊಡಗಿದ್ದೂ, ಅದನ್ನು ಪ್ರವಾಸೋದ್ಯಮ ತನ್ನದೆಂದು ಭಾವಿಸಿದ್ದೂ ಈ ಸ್ಥಳಾಂತರದ ನಂತರವೇ.

ಇತ್ತ ಪಟ್ಟಣದ ದಕ್ಷಿಣಕ್ಕಿರುವ ಅರ್ಗಾ ಸುತ್ತಲಿನ ಕರಾವಳಿ ನೌಕಾಪಡೆಯ ಸೀಬರ್ಡ್ ಯೋಜನೆಗೆ ಹೋಯಿತು. ಸಾವಿರಾರು ಕುಟುಂಬಗಳು ನೆಲೆ ಬಿಟ್ಟವು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ದಕ್ಷಿಣದ ತೀರಗಳು ಕೈತಪ್ಪಿದ ಮೇಲೆ ಪಟ್ಟಣದ ಎದುರಿನ ದಂಡೆಯ ಬೆಲೆ ಮೀನುಗಾರರಿಗೆ ಇನ್ನೂ ಹೆಚ್ಚಿತು. ಹಾಗಾಗಿ ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರನ್ನು ವಿಸ್ತರಿಸಿ, ಟ್ಯಾಗೋರ್ ದಂಡೆಯ ಬದಿಗೆ ಅಲೆತಡೆಗೋಡೆ ಕಟ್ಟಲು ಹೊರಟಾಗ, 2020ರ ಜನವರಿಯಲ್ಲಿ ಊರೇ ಬೀದಿಗಿಳಿಯಿತು. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಇದನ್ನು ಅಭಿವೃದ್ಧಿಗೆ ಬಂದ ಹಠಾತ್ ವಿರೋಧವೆಂದು ಓದುವುದು ತಪ್ಪು. 1862ರ ಕಾಲದ ಬಂದರಿನ ಯೋಜನೆಯೇ ಮತ್ತೆ ಎದ್ದು ಬಂದಿತ್ತು. ಈ ಸಲ ಮರಳಿನ ಮೇಲೆ ತಮಗೂ ಹಕ್ಕಿದೆ ಎನ್ನುವವರು ಸಂಘಟಿತರಾಗಿ ನ್ಯಾಯಾಲಯದ ತನಕ ಹೋಗಿದ್ದರು.