ಹಾಲುಮತದ ಕುರಿ, ಹಾಲಿನ ಕುರಿ

ಕುರುಬ ಸಮುದಾಯವನ್ನು ಹಾಲುಮತವೆಂದು ಕರೆಯುವುದು ರೂಢಿ. ಈ ಹೆಸರನ್ನು ಬೀರಪ್ಪ, ಮೈಲಾರಲಿಂಗರ ಪುರಾಣಗಳ ಹಿನ್ನೆಲೆಯಲ್ಲಿ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಹಾಲಿನ ಹೆಸರು ಹೊತ್ತ ಈ ಜನ ಕುರಿಯನ್ನು ಹಾಲಿಗಾಗಿ ಆರಿಸಿದ್ದರೇ? ಕಾವ್ಯವನ್ನೇ ಓದಿಕೊಂಡು ಬಂದ ನಮಗೆ ಈ ಸರಳ ಪ್ರಶ್ನೆ ತಡವಾಗಿ ಹೊಳೆಯಿತು; ಕಾವ್ಯಗಳಲ್ಲಿ ಹಾಲೆಂದರೆ ಬಹುಮಟ್ಟಿಗೆ ಆಕಳಿನದೇ.

ದಖ್ಖನಿ ಕುರಿಯ ಮೈ ಬೇರೆ ಉತ್ತರವನ್ನು ಕೊಡುತ್ತದೆ. ಹೆಚ್ಚಾಗಿ ಕಪ್ಪು ಬಣ್ಣ, ಒರಟು ಉಣ್ಣೆ, ಬರದ ಬಯಲಿನಲ್ಲಿ ದೂರ ನಡೆಯುವ ಕಸುವು. ಇದರಿಂದ ಕಂಬಳಿ ದೊರೆಯಿತು, ಮಾಂಸ ದೊರೆಯಿತು. ರೈತನ ಹೊಲದಲ್ಲಿ ಮಂದೆಯನ್ನು ತಂಗಿಸಿದರೆ ಗೊಬ್ಬರಕ್ಕೆ ಪ್ರತಿಯಾಗಿ ಕಾಳು ದೊರೆಯಿತು. ಸಮುದಾಯದ ಪಂಗಡಗಳ ಹೆಸರೂ ಉಣ್ಣೆಕಂಕಣ, ಹತ್ತಿಕಂಕಣ ಎಂದೇ ಇವೆ. ಹಾಲು ಬಹುಪಾಲು ಮರಿಗೇ ಸಲ್ಲುತ್ತಿತ್ತು. ಕುರಿಗಾರನು ತಾಯಿಯ ಹಾಲನ್ನು ಮರಿಯ ಬೆಳವಣಿಗೆಯಲ್ಲಿ ಕಾಣುತ್ತಿದ್ದನೆಂದು ನಾವು ಊಹಿಸುತ್ತೇವೆ.

ಹಾಲನ್ನು ಪಾತ್ರೆಗೆ ಕರೆದು ಅಳೆದ ನಾಡುಗಳ ಚರಿತ್ರೆ ಬೇರೆ. ಫ್ರಾನ್ಸಿನ ರೋಕ್‌ಫೋರ್ ಗ್ರಾಮದವರಿಗೆ ತಮ್ಮ ಗುಹೆಗಳಲ್ಲಿ ಚೀಸ್ ಹದಗೊಳಿಸುವ ಹಕ್ಕನ್ನು ಆರನೆಯ ಚಾರ್ಲ್ಸ್ ದೊರೆ 1411ರಲ್ಲಿಯೇ ಮನ್ನಿಸಿದನು. 1925ರಲ್ಲಿ ಆ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ಈ ಚೀಸಿಗೆ ಹಾಲೂಡಿದ ಲಕೋನ್ ತಳಿಯ ಇಳುವರಿ 1960ರ ನಂತರದ ನಾಲ್ಕು ದಶಕಗಳಲ್ಲಿ ಹಲವು ಪಟ್ಟು ಏರಿತು. ಟಗರು ಹಾಲು ಕೊಡುವುದಿಲ್ಲವಷ್ಟೆ. ಆದರೂ ಹಾಲಿನ ಗುಣ ಅದರ ಮೂಲಕವೂ ಮಗಳಿಗೆ ಹರಿಯುತ್ತದೆ. ಆದ್ದರಿಂದ ಅಲ್ಲಿ ಟಗರಿನ ತಾಯಿಯ ಮತ್ತು ಹೆಣ್ಣುಮಕ್ಕಳ ಹಾಲಿನ ಲೆಕ್ಕವನ್ನು ಬರೆದಿಟ್ಟು ಟಗರನ್ನು ಆರಿಸಿದರು. ಇಳುವರಿಯೊಂದನ್ನೇ ನೋಡಿದರೂ ಸಾಲದು. ಜರ್ಮನಿಯ ಈಸ್ಟ್ ಫ್ರೀಸಿಯನ್ ತಳಿ ಹಾಲಿಗೆ ಹೆಸರಾದದ್ದು, ಆದರೆ ಇಸ್ರೇಲಿನ ಬಿಸಿಲನ್ನು ಅದು ತಾಳಲಿಲ್ಲ. ಸ್ಥಳೀಯ ಅವಾಸಿಯೊಡನೆ ಅದನ್ನು ಬೆರೆಸುವ ಕೆಲಸ 1955ರಲ್ಲಿ ಆರಂಭವಾಗಿ ಅಸ್ಸಾಫ್ ತಳಿ ರೂಪುಗೊಂಡಿತು.

ಆ ಅವಾಸಿ ನಮ್ಮ ದಖ್ಖನಿಗೂ ಬಂದಿತೆಂಬುದು ಪುಣೆಯ ಕನ್ನಡಿಗರಿಗೂ ಅಷ್ಟಾಗಿ ತಿಳಿದಿರಲಾರದು. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯು ದಖ್ಖನಿ ಕುರಿಗೆ ಬಂಗಾಳದ ಗರೋಲ್ ತಳಿಯಿಂದ ಅವಳಿ ಮರಿ ಹಾಕುವ ಗುಣವನ್ನು ತಂದಿತು. ಮರಿ ಎರಡಾದರೆ ಹಾಲೂ ಹೆಚ್ಚಬೇಕು. ಈ ಪ್ರಯತ್ನದಿಂದ ಮೂಡಿದ ‘ನಾರಿ ಸುವರ್ಣ’ದಲ್ಲಿ ಅವಾಸಿಯ ಅಂಶವಿದೆ, ನಮ್ಮ ಮಂಡ್ಯದ ಬನ್ನೂರು ಕುರಿಯ ಅಂಶವೂ ಇದೆ. ಪರದೇಶದ ಹಾಲಿನ ಕುರಿ ಇಲ್ಲಿಗೆ ಬಂದು, ಚೀಸಿನ ಗೊಡವೆಯಿಲ್ಲದೆ, ಮರಿಯ ಹಸಿವಿಗೆ ಒದಗಿತು. ಹಾಲುಮತದ ಹಳೆಯ ಲೆಕ್ಕವೂ ಇದೇ ಆಗಿತ್ತಲ್ಲವೆ?

ಇನ್ನು ಪ್ರದರ್ಶನದ ಮಾತು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ಕನ್ನಡ ಮಾತನಾಡುವ ಗಡಿಸೀಮೆ. ಅಲ್ಲಿಯ ಮಾಡಗ್ಯಾಳ ಕುರಿ ಎತ್ತರದ ನಿಲುವಿಗೆ, ಗಿಳಿಮೂಗಿನಂತೆ ಬಾಗಿದ ಮೂಗಿಗೆ ಪ್ರಸಿದ್ಧ. 2020ರ ಡಿಸೆಂಬರಿನಲ್ಲಿ ಆಟಪಾಡಿಯ ಸಂತೆಗೆ ಬಂದ ಇಂಥದೊಂದು ಟಗರಿಗೆ 70 ಲಕ್ಷ ರೂಪಾಯಿ ಕೊಡಲು ಮುಂದಾದವರಿದ್ದರೂ ಒಡೆಯನು ಮಾರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ತರುಣರು ಟಗರನ್ನು ಮೀಯಿಸಿ, ಸಿಂಗರಿಸಿ ಜಾತ್ರೆಗೆ ತರುವುದನ್ನು ನಾವು ಹಳಿಯುವುದಿಲ್ಲ. ಕುರಿ ಕಾಯುವುದು ಕೀಳೆಂದು ನಗರಕ್ಕೆ ನಡೆಯುವ ಕಾಲದಲ್ಲಿ ಆ ಹೆಮ್ಮೆ ದೊಡ್ಡದು. ಆದರೆ ಮೂಗು ಕಣ್ಣಿಗೆ ಕಾಣುತ್ತದೆ, ತಾಯಿಯ ಕೆಚ್ಚಲು ಟಗರಿನಲ್ಲಿ ಕಾಣುವುದಿಲ್ಲ. ಮೂಗಿಗೆ ಬೆಲೆ ಕಟ್ಟುವಾಗ ತಾಯಿ ಎಷ್ಟು ಮರಿಗಳನ್ನು ಸಾಕಿತೆಂದು ಕೇಳದಿದ್ದರೆ, ಕೆಲವು ತಲೆಮಾರುಗಳಲ್ಲಿ ಹಾಲು ತಗ್ಗಿದರೂ ತಿಳಿಯದು.

ಕೆಚ್ಚಲು, ಹಾಲು, ತಾಯ್ತನಗಳನ್ನು ಕುರಿತು ಜತ್ತ ಸೀಮೆಯ ಹಿರಿಯ ಕುರಿಗಾರರ ಬಾಯಲ್ಲಿರುವ ಕನ್ನಡ ಪದಗಳನ್ನು ಮಹಾರಾಷ್ಟ್ರದಲ್ಲಿರುವ ನಮ್ಮ ಸಂಶೋಧಕರು ಸಂಗ್ರಹಿಸಬೇಕೆಂದು ಕೋರುತ್ತೇವೆ. ಅವರು ಪುಣೆಯಿಂದ ಹೊರಟರೆ ಫಲಟಣವೂ ದಾರಿಗೆ ದೂರವಲ್ಲ.