ಋಣದ ಮಾತು

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ‘ಋಣಭಾರ ಪತ್ರ’ ಕೊಡುತ್ತಾರೆ. ಸೈಟಿನ ಮೇಲೆ ಯಾವ ಸಾಲವಿದೆ, ಯಾರಿಂದ ಯಾರಿಗೆ ಹೋಗಿದೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಮನೆಯೊಳಗಿನ ಋಣ ಮಾತ್ರ ಯಾವ ಕಾಗದಕ್ಕೂ ಸಿಕ್ಕುವುದಿಲ್ಲ. ಮದುವೆ ಕೂಡಿಬಂದರೆ ‘ಋಣಾನುಬಂಧ’ ಅನ್ನುತ್ತೇವೆ, ಮುರಿದುಬಿದ್ದರೆ ‘ಋಣ ಇಲ್ಲ ಬಿಡಿ’. ಬಾಡಿಗೆ ಮನೆಗೆ ಬೀಗ ಹಾಕುವಾಗಲೂ ‘ಈ ಮನೆ ಋಣ ಇಷ್ಟೇ ಇತ್ತು’ ಅಂದು ಒಮ್ಮೆ ಹೊಸಿಲು ಮುಟ್ಟುವವರಿದ್ದಾರೆ. ಸಾಲದ ಪದದಲ್ಲಿ ಇಷ್ಟು ಅಕ್ಕರೆ ತುಂಬಿದ ನಮ್ಮ ಜನರ ಬಗ್ಗೆ ನನಗೆ ಹೆಮ್ಮೆಯಿದೆ.

ಕಾಗದಕ್ಕೆ ಸಿಗದ ಇಂಥ ಋಣ ಕಲ್ಲಿಗೆ ಸಿಕ್ಕಿದ್ದುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿನ ಶಾಸನ ಹೇಳುವಂತೆ, ಚೋಳರ ಮೇಲಿನ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದನಂತೆ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಮಣಲೇರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟಲಿ ಎಂದು ಬರೆಸಿದ. ನಾಯಿಯೂ ಹಂದಿಯೂ ಮುಖಕ್ಕೆ ಮುಖ ಕೊಟ್ಟು ಸೆಣಸುವ ಚಿತ್ರವೂ ಕಲ್ಲಿನಲ್ಲಿದೆ. ಸತ್ತ ನಾಯಿಗೆ ಏನನ್ನು ತಾನೇ ಹಿಂದಿರುಗಿಸಲಾದೀತು? ಹಾಗಿದ್ದೂ ಅವನಿಗೆ ಸುಮ್ಮನಿರಲಾಗಲಿಲ್ಲ. ನಾನು ಋಣ ಅನ್ನುವುದು ಇದಕ್ಕೆ.

ಹುಟ್ಟುವಾಗಲೇ ಬ್ರಾಹ್ಮಣನ ಮೇಲೆ ಮೂರು ಋಣ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ: ಋಷಿಗಳದು, ದೇವತೆಗಳದು, ಪಿತೃಗಳದು. ಕಡೆಯದನ್ನು ತೀರಿಸುವ ಬಗೆ ನೋಡಿ. ಅಪ್ಪ ಅಮ್ಮನಿಂದ ಪಡೆದದ್ದು ಅವರಿಗೇ ವಾಪಸ್ಸಲ್ಲ, ಮುಂದೆ ಹುಟ್ಟುವ ಮಕ್ಕಳಿಗೆ. ಮಕ್ಕಳಿಲ್ಲದವರೂ ತಂಗಿಯ ಮಗುವಿಗೋ ಪಕ್ಕದ ಮನೆಯ ಹುಡುಗನಿಗೋ ಅಕ್ಷರ ಕಲಿಸಿ, ಅನ್ನ ಹಾಕಿ ಇದನ್ನು ತೀರಿಸುತ್ತಲೇ ಬಂದಿದ್ದಾರೆ.

ಹಾಗಾಗಿ ‘ಸಾಕಿದ ಋಣಕ್ಕಾದರೂ ಈ ಸಂಬಂಧಕ್ಕೆ ಒಪ್ಕೋ’ ಎಂದು ಮಗಳನ್ನು ಕಟ್ಟಿಹಾಕುವುದು ನನಗೆ ಸಹಿಸಲಾಗದ ಮಾತು. ಪ್ರೀತಿಸಿದ ಹುಡುಗನನ್ನು ಬಿಡಿಸಲು ಈ ಪದವನ್ನು ಎಷ್ಟು ಮನೆಗಳಲ್ಲಿ ಬಳಸಿಲ್ಲ! ಹೆತ್ತವರು ಇಟ್ಟ ತುತ್ತಿಗೆ ಬಡ್ಡಿ ಕೇಳಿದ ಹಾಗಾಯಿತು. ಅದಕ್ಕಿಂತ ಕ್ರೂರವಾದದ್ದು, ಗಂಡನ ಮನೆಯಲ್ಲಿ ಏಟು ತಿಂದು ಬಾಗಿಲಿಗೆ ಬಂದವಳಿಗೆ ‘ನಿನ್ನ ಋಣ ಅಲ್ಲೇ ಇದೆ ಕಣಮ್ಮಾ, ಹೊಂದ್ಕೊಂಡು ಹೋಗು’ ಅನ್ನುವುದು. ‘ಆ ಮನೆ ಋಣ ಮುಗೀತು, ಒಳಗೆ ಬಾ, ಮೊದಲು ಊಟ ಮಾಡು’ ಎನ್ನುವುದಕ್ಕೂ ಕನ್ನಡದಲ್ಲಿ ಇದೇ ಪದವಿದೆ. ತವರಿನವರು ಅದನ್ನು ಹೇಳಬೇಕು, ಬಾಗಿಲಲ್ಲಿ ನಿಂತವಳು ಕೇಳುವ ಮೊದಲೇ ಹೇಳಬೇಕು.