ಮಕ್ಕಳ ಲಸಿಕಾ ಸೇವೆ (ಕರ್ನಾಟಕ)

ಹುಟ್ಟಿನಿಂದ 16 ವರ್ಷದವರೆಗೆ ಸರ್ಕಾರ ಉಚಿತವಾಗಿ ನೀಡುವ ಲಸಿಕೆಗಳ ವ್ಯವಸ್ಥೆ. ದೇಶದಲ್ಲಿ 1978ರಲ್ಲಿ ಶುರುವಾದ ಕಾರ್ಯಕ್ರಮವು 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ವಿಸ್ತರಿಸಿತು.

ಹಿನ್ನೆಲೆ

ಮೈಸೂರು ಅರಮನೆಯ ಸ್ತ್ರೀಯರನ್ನು ಥಾಮಸ್ ಹಿಕಿ 1805ರ ಸುಮಾರಿಗೆ ಚಿತ್ರಿಸಿದ್ದು ಸಿಡುಬಿನ ಲಸಿಕೆಯ ಪ್ರಚಾರಕ್ಕೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ವಾದ ಬಲವಾದದ್ದೇ, ಆದರೂ ಅದು ಚಿತ್ರವನ್ನು ಓದಿ ಮಾಡಿದ ಊಹೆ. ಆ ಶತಮಾನದ ಕೊನೆಯ ಹೊತ್ತಿಗೆ ಸಂಸ್ಥಾನ ತಾನೇ ಲಸಿಕೆ ತಯಾರಿಸುತ್ತಿತ್ತು; ಕೇರಳದ ಸಮಾಜ ಸುಧಾರಕ ಡಾ. ಪಲ್ಪು ಬೆಂಗಳೂರಿನ ತಯಾರಿಕಾ ಘಟಕದಲ್ಲಿ ದುಡಿದವರು.

ವೇಳಾಪಟ್ಟಿ

ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. 6, 10, 14ನೇ ವಾರ ಪೆಂಟಾವಲೆಂಟ್ ಮತ್ತು ಜೊತೆಯವು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, 16–24 ತಿಂಗಳಲ್ಲಿ ಅದರ ಎರಡನೇ ಡೋಸ್. ದಡಾರ-ರುಬೆಲ್ಲಾ ಅಭಿಯಾನವನ್ನು 2017ರ ಫೆಬ್ರವರಿಯಲ್ಲಿ ಮೊದಲು ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಶೀತಲ ಸರಪಳಿ

ಲಸಿಕೆ ಹಾಳಾಗುವುದು ಬಿಸಿಲಿನಿಂದ ಮಾತ್ರವೆಂಬ ನಂಬಿಕೆ ವ್ಯಾಪಕವಾಗಿದೆ. ಪೆಂಟಾವಲೆಂಟ್, ಹೆಪಟೈಟಿಸ್ ಬಿ, ಡಿಪಿಟಿಗಳಿಗೆ ಹೆಪ್ಪುಗಟ್ಟುವುದೂ ಅಷ್ಟೇ ಮಾರಕ. ಪ್ರಾಥಮಿಕ ಆರೋಗ್ಯ ಕೇಂದ್ರದ ಐಎಲ್‌ಆರ್ (ಐಸ್-ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಯ್ದಿಟ್ಟು ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡುವುದು ಇದಕ್ಕಾಗಿಯೇ. ಊರಿಗೆ ಹೊರಡುವ ಲಸಿಕಾ ಡಬ್ಬಿಯಲ್ಲಿ ನಾಲ್ಕು ಐಸ್‌ಪ್ಯಾಕ್ ಇರುತ್ತವೆ. ಫ್ರೀಜರಿನಿಂದ ತೆಗೆದ ಪ್ಯಾಕನ್ನು ನೇರ ಒಳಗಿಡುವಂತಿಲ್ಲ. ಹೊರಗಿಟ್ಟು, ಬೆವರತೊಡಗಿದ ಮೇಲೆ ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ತುರ್ತಿನ ಬೆಳಗಿನಲ್ಲಿ ಈ ಕಾಯುವಿಕೆ ತಪ್ಪಿದರೆ ಡಬ್ಬಿಯಲ್ಲಿರುವ ಹೆಪ್ಪುಗಟ್ಟಬಾರದ ಲಸಿಕೆಗಳೆಲ್ಲ ನಿಷ್ಪ್ರಯೋಜಕವಾಗಬಹುದು, ನೋಡಲು ಹಾಗೆಯೇ ಇದ್ದರೂ. ಬಾಟಲಿಯ ಮೇಲಿನ ಸೂಚಕದ ಒಳಚೌಕ ಸುತ್ತಲ ವೃತ್ತದಷ್ಟು ಗಾಢವಾದರೆ ಅದನ್ನು ಬಳಸುವಂತಿಲ್ಲ. ಆದರೆ ಸೂಚಕ ಶಾಖವನ್ನಷ್ಟೇ ತೋರಿಸುತ್ತದೆ, ಹೆಪ್ಪನ್ನಲ್ಲ. ಕಲಸಿದ ಬಿಸಿಜಿ, ದಡಾರ-ರುಬೆಲ್ಲಾಗಳಿಗೆ ನಾಲ್ಕು ಗಂಟೆಯ ಗಡುವು.

ಸ್ಥಳೀಯ ಲಭ್ಯತೆ

ಹಳ್ಳಿಯಲ್ಲಿ ಲಸಿಕೆ ಹಾಕುವವರು ಉಪಕೇಂದ್ರದ ನರ್ಸಮ್ಮ, ಹೆಚ್ಚಾಗಿ ಗುರುವಾರ, ಬಹುಪಾಲು ಅಂಗನವಾಡಿಯಲ್ಲಿ. ಯಾವ ಮಗುವಿನದು ಬಾಕಿ ಎಂಬ ಪಟ್ಟಿ ಹಿಡಿದು ಆಶಾ ಕಾರ್ಯಕರ್ತೆ ಮೊದಲೇ ಮನೆಮನೆಗೆ ಹೋಗಿ ಹೇಳಿ ಬರುತ್ತಾರೆ. ವ್ಯವಸ್ಥೆ ನಿಂತಿರುವುದೇ ಈ ಪಟ್ಟಿಯ ಮೇಲೆ. ಪಟ್ಟಿಯಲ್ಲಿ ಹೆಸರೇ ಇಲ್ಲದವರು ತಪ್ಪಿಹೋಗುತ್ತಾರೆ: ನಗರದ ಕಟ್ಟಡ ಕೆಲಸದ ಶೆಡ್ಡುಗಳ ಮಕ್ಕಳು, ಕಬ್ಬು ಕಡಿಯಲು ಹೋದ ಕುಟುಂಬಗಳವರು, ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಮಲೆನಾಡಿನ ಒಂಟಿ ಮನೆಗಳವರು. ಇವರಲ್ಲಿ ಅನೇಕರ ತೊಡಕು ಲಸಿಕೆಯ ವಿರೋಧವಲ್ಲ, ಒಂದು ದಿನದ ಕೂಲಿ. 2014ರ ಡಿಸೆಂಬರಿನಲ್ಲಿ ಆರಂಭವಾದ ಮಿಷನ್ ಇಂದ್ರಧನುಷ್ ಇಂಥವರನ್ನೇ ಗುರಿಯಾಗಿಸಿತು.

ಲಸಿಕೆಗಳನ್ನು ದಾಖಲಿಸುವ ತಾಯಿ ಕಾರ್ಡ್ ಯಾವ ಊರಿನದಾದರೂ ಬೇರೆ ಕಡೆಯ ಸರ್ಕಾರಿ ಕೇಂದ್ರದಲ್ಲಿ ಲಸಿಕೆ ಪಡೆಯಬಹುದು. ತಡವಾದ ಮಗುವಿಗೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು; ಬಿಸಿಜಿಗೆ ಒಂದು ವರ್ಷ ತುಂಬುವವರೆಗೆ, ದಡಾರ-ರುಬೆಲ್ಲಾಕ್ಕೆ ಐದು ವರ್ಷದವರೆಗೆ ಅವಕಾಶವಿದೆ.